ದೊಡ್ಡ ಕಾರಿನ ತೂಕ ಏಳುನೂರ ನಲವತ್ತೆರಡು

ಹನ್ನೊಂದನೇ ತಾರೀಖು ಬುಧವಾರ ಬೆಳಗ್ಗೆ 9:40ಕ್ಕೆ ಠಾಣೆಗೆ ಬಂದ ದಂತವೈದ್ಯೆ, ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಹೇಳಲು ಶುರುಮಾಡಿದರು. ಹಿಂದಿನ ಸಂಜೆ ಅವರ ಕಾರು ಇಳಿಜಾರಿನಲ್ಲಿ ನಿಲ್ಲದೆ ಗೋಡೆಗೆ ಗುದ್ದಿತ್ತು. ಹಿಂದಿನ ಸೀಟಿನಲ್ಲಿದ್ದ ಅವರ ತಾಯಿಯ ಬಲಗೈ ಮುರಿದಿತ್ತು. ಕಾರು ಅವರ ತಂದೆ ಆಸೆಪಟ್ಟು ಕೊಂಡಿದ್ದ ಐಷಾರಾಮಿ ಗಾಡಿ, ಇಪ್ಪತ್ತೆರಡು ವರ್ಷ ಹಳೆಯದು. ಅಷ್ಟೂ ವರ್ಷ ಅದನ್ನು ಓಡಿಸಿದವನು ಒಬ್ಬನೇ ಡ್ರೈವರ್. ದೂರು ಅವನ ಮೇಲೆಯೇ.

"ಬ್ರೇಕ್ ಬದಲು ಆಕ್ಸಿಲರೇಟರ್ ತುಳಿದಿದಾನೆ. ವಯಸ್ಸಾಯ್ತು. ಹೇಳೋಕೆ ನನಗೂ ಸಂಕಟ," ಎಂದರು ವೈದ್ಯೆ. "ಆದ್ರೆ ನಾಳೆ ಇನ್ಯಾರಿಗೋ ಗುದ್ದಿದ್ರೆ?"

"ಬ್ರೇಕೇ ಕೆಟ್ಟಿರಬಹುದಲ್ವಾ?" ಇನ್ಸ್‌ಪೆಕ್ಟರ್ ಕೇಳಿದರು.

ವೈದ್ಯೆ ಒಂದು ಕಾಗದ ಮುಂದಿಟ್ಟರು. ಒಂಬತ್ತು ದಿನದ ಹಿಂದಿನ ತಪಾಸಣಾ ವರದಿ. ಬ್ರೇಕ್: ಉತ್ತಮ. ಮುದ್ರೆ, ಸಹಿ ಎರಡೂ ಅಚ್ಚುಕಟ್ಟಾಗಿದ್ದವು. 10:15ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ, ಡ್ರೈವರ್.

ಇನ್ಸ್‌ಪೆಕ್ಟರ್ ಈ ಠಾಣೆಗೆ ಬಂದು ಮೂರು ತಿಂಗಳಾಗಿತ್ತು. ಕಾಗದ ಅಂದವಾಗಿದ್ದಷ್ಟೂ ಆಕೆಗೆ ಕಿರಿಕಿರಿ ಹೆಚ್ಚು. ಜೊತೆಗೆ ಹೊರಟದ್ದು ಹೆಡ್ ಕಾನ್‌ಸ್ಟೇಬಲ್. ಯಾವ ಕೇಸಿಗೆ ಹೋದರೂ ಜೀಪಿನಲ್ಲಿ ಇರಲೇಬೇಕಾದ್ದರಿಂದ ಇಡೀ ಠಾಣೆ ಅವನನ್ನು ಸ್ಟೆಪ್ನಿ ಎನ್ನುತ್ತಿತ್ತು.

11:30ಕ್ಕೆ ಗ್ಯಾರೇಜಿನಲ್ಲಿ ಪಂಚನಾಮೆ ನಡೆಯಿತು. ಮುಂದಿನ ಎಡಚಕ್ರದ ಬ್ರೇಕ್ ಪೈಪು ಹರಿದಿತ್ತು, ಬ್ರೇಕ್ ಆಯಿಲ್ ಡಬ್ಬಿ ಬರಿದಾಗಿತ್ತು.

"ಗುದ್ದೋಕೆ ಮುಂಚೆ ಹರಿದಿದ್ದಾ, ಆಮೇಲಾ?"

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಸರ್ಟಿಫಿಕೇಟಲ್ಲಿ ಉತ್ತಮ ಅಂತ ಇದೆಯಲ್ಲ ಮೇಡಂ. ಗುದ್ದಿದ ಮೇಲೆ ಅಂತಾನೇ ಬರ್ಕೊಳ್ಳಿ."

ಮಧ್ಯಾಹ್ನ ಒಂದಕ್ಕೆ ಅವರು ಡ್ರೈವರ್ ಮನೆಗೆ ಹೋದರು. ಅವನು ಮಂಚದ ತುದಿಯಲ್ಲಿ ಕೂತು ಬಲಗಾಲಿನಿಂದ ಎದುರಿನ ಗೋಡೆ ಒತ್ತುತ್ತಿದ್ದ. "ಬೆಳಗ್ಗೆಯಿಂದ ಇದೇ ಕೆಲಸ," ಎಂದಳು ಹೆಂಡತಿ. "ಊಟಕ್ಕೂ ಏಳ್ತಿಲ್ಲ."

"ಬ್ರೇಕ್ ತುಳಿದ್ರಾ?"

"ತುಳಿದೆ ಮೇಡಂ. ಪೆಡಲ್ ನೆಲಕ್ಕೆ ಹೋಯ್ತು."

"ಗ್ಯಾರಂಟಿನಾ?"

"ನಿನ್ನೆ ಕೇಳಿದ್ರೆ ಗ್ಯಾರಂಟಿ ಅಂತಿದ್ದೆ. ಡಾಕ್ಟ್ರು ಆ ಕಾಗದ ತೋರಿಸಿದ ಮೇಲೆ ನನ್ನ ಕಾಲನ್ನ ನಾನೇ ನಂಬೋ ಹಾಗಿಲ್ಲ. ಆ ತಾಯಿ ನನ್ನ ನಂಬಿ ಕೂತಿದ್ರು." ಅವನು ಲೈಸೆನ್ಸ್ ತೆಗೆದು ಮಂಚದ ಮೇಲಿಟ್ಟ. "ನನ್ನದೇ ತಪ್ಪಾಗಿದ್ರೆ ಇದು ನೀವೇ ಇಟ್ಕೊಳ್ಳಿ. ಇನ್ನು ಸ್ಟೀರಿಂಗ್ ಮುಟ್ಟಲ್ಲ."

ಇನ್ಸ್‌ಪೆಕ್ಟರ್ ಅದನ್ನು ತೆಗೆದುಕೊಳ್ಳಲಿಲ್ಲ. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ ಎಂದು ಆಕೆಗೆ ಅನ್ನಿಸಿತ್ತು. ಅನ್ನಿಸಿದ್ದು ಕೋರ್ಟಿನಲ್ಲಿ ನಡೆಯುವುದಿಲ್ಲ.

"ತಪಾಸಣೆಗೆ ಗಾಡಿ ಒಯ್ದಿದ್ದು ಯಾರು?"

"ನಾನೇ. ಕೀ ಇಸ್ಕೊಂಡು ಹೊರಗೆ ಕೂರಿಸಿದ್ರು. ಇಪ್ಪತ್ತು ನಿಮಿಷಕ್ಕೆ ಮುಗೀತು ಅಂದ್ರು."

"ಗಾಡಿಯಲ್ಲಿ ಏನಾದ್ರೂ ವ್ಯತ್ಯಾಸ?"

"ಏನೂ ಇರಲಿಲ್ಲ. ಸೀಟು ಕೂಡ ನಾನು ಬಿಟ್ಟ ಹಾಗೇ ಇತ್ತು." ಹೇಳುತ್ತಲೇ ಅವನು ಯೋಚನೆಗೆ ಬಿದ್ದ. "ನಾನು ಕುಳ್ಳ. ಸ್ಟೀರಿಂಗಿಗೆ ಅಂಟ್ಕೊಂಡೇ ಕೂರೋದು. ಆ ತಪಾಸಕ ಬಗ್ಗಿ ಬಾಗಿಲು ದಾಟೋ ಆಳು. ಅದರಲ್ಲಿ ಹೇಗೆ ಕೂತ?"

ಠಾಣೆಗೆ ಮರಳಿ ಇನ್ಸ್‌ಪೆಕ್ಟರ್ ವರದಿಯನ್ನು ಮೇಲಿನಿಂದ ಓದಿದರು.

"ಸ್ಟೆಪ್ನಿ, ಆ ಕಾರು ಎಷ್ಟು ತೂಗತ್ತೆ?"

"ಹತ್ತಿರ ಹತ್ತಿರ ಎರಡು ಟನ್. ಕ್ರೇನಿನವನು ಬೈಕೊಂಡೇ ಎಳೆದ."

ವರದಿಯ ಮೊದಲ ಸಾಲಿನಲ್ಲಿ ಮುಂದಿನ ಚಕ್ರಗಳ ಮೇಲೆ 425 ಕೆ.ಜಿ., ಹಿಂದಿನವುಗಳ ಮೇಲೆ 317 ಎಂದಿತ್ತು. ಕೂಡಿದರೆ 742. ಬ್ರೇಕ್ ಪರೀಕ್ಷೆಯ ರೋಲರ್ ಮೇಲೆ ಗಾಡಿ ಹತ್ತಿದೊಡನೆ ಯಂತ್ರ ತಾನೇ ತೂಗಿ ಅಚ್ಚು ಹಾಕುವ ಸಾಲು ಅದು. ಎಲ್ಲರಿಗೂ ಬೇಕಾದದ್ದು ಕೊನೆಯ ಸಾಲಿನ 'ಉತ್ತಮ'. ಮೊದಲ ಸಾಲಿನ ಕಡೆ ಯಾರೂ ಕಣ್ಣು ಹಾಯಿಸಿರಲಿಲ್ಲ.

"ಡಯಟ್ ಮಾಡಿರಬೇಕು ಮೇಡಂ," ಎಂದ ಸ್ಟೆಪ್ನಿ.

ಮರುದಿನ ಬೆಳಗ್ಗೆ 9:10ಕ್ಕೆ ಇಬ್ಬರೂ ತಪಾಸಣಾ ಕೇಂದ್ರದಲ್ಲಿದ್ದರು. ವ್ಯವಸ್ಥಾಪಕ ಒಂದು ವರ್ಷದ ದಾಖಲೆ ತೆಗೆದ. ಭಾರೀ ಕಾರುಗಳು ಹನ್ನೊಂದು. ಹನ್ನೊಂದರ ತೂಕವೂ 740ರಿಂದ 744ರ ಒಳಗೆ. ಸಣ್ಣ ಕಾರುಗಳ ತೂಕ ಮಾತ್ರ ಒಂದೊಂದಕ್ಕೂ ಬೇರೆ ಬೇರೆ, ಇರಬೇಕಾದ ಹಾಗೆಯೇ ಇತ್ತು.

ತಪಾಸಕ ಷೆಡ್ಡಿನ ಬಾಗಿಲಲ್ಲಿ ಬಗ್ಗಿ ಒಳಗೆ ಬಂದ.

"ಯಂತ್ರಕ್ಕೆ ಗಾಡಿ ನಂಬರ್ ಕೊಡೋದು ಯಾರು?"

"ನಾನೇ ಟೈಪ್ ಮಾಡ್ತೀನಿ."

"ನಿಮ್ಮ ಸ್ವಂತ ಗಾಡಿ?"

ಅವನು ಅಂಗಳದಲ್ಲಿದ್ದ ನೀಲಿ ಪುಟ್ಟ ಕಾರು ತೋರಿಸಿದ.

"ರೋಲರ್ ಮೇಲೆ ಹತ್ತಿಸಿ. ನೀವೇ ಕೂತು."

ಅವನು ಕಾರು ತಂದು ರೋಲರ್ ಮೇಲೆ ಹತ್ತಿಸಿದ. ಯಂತ್ರ ಕಾಗದ ಉಗುಳಿತು: 741.

"ಒಂದು ಕೆ.ಜಿ. ಕಮ್ಮಿ. ಇವತ್ತು ತಿಂಡಿ ತಿಂದಿಲ್ವೇನೋ," ಎಂದ ಸ್ಟೆಪ್ನಿ. ಇನ್ಸ್‌ಪೆಕ್ಟರ್ ದುರುಗುಟ್ಟಿ ನೋಡಿದರು.

9:50ಕ್ಕೆ, ದೊಡ್ಡ ಕಾರುಗಳ ನಂಬರ್ ಹಾಕಿ ತನ್ನ ಕಾರನ್ನೇ ಪರೀಕ್ಷಿಸಿ ಸುಳ್ಳು ದಾಖಲೆ ಸೃಷ್ಟಿಸಿದ ಆರೋಪದ ಮೇಲೆ ತಪಾಸಕನ ಬಂಧನವಾಯಿತು. ಮಿಕ್ಕ ಹತ್ತು ಕಾರುಗಳ ಮಾಲೀಕರಿಗೆ ಕಾನ್‌ಸ್ಟೇಬಲ್‌ಗಳು ಫೋನ್ ಮಾಡಿ, ಮಧ್ಯಾಹ್ನದೊಳಗೆ ಎಲ್ಲವನ್ನೂ ನಿಲ್ಲಿಸಿದರು. ಯಾರಿಗೂ ಏನೂ ಆಗಿರಲಿಲ್ಲ. ಮೆಕ್ಯಾನಿಕ್ ತಾನಾಗಿಯೇ ಠಾಣೆಗೆ ಬಂದು ಹೇಳಿಕೆ ತಿದ್ದಿಸಿದ. ಚಕ್ರದ ಒಳಗೆ ಆಯಿಲ್ ಧೂಳಿನ ಜೊತೆ ಸೇರಿ ಗಟ್ಟಿಯಾಗಿತ್ತು, ವಾರಗಟ್ಟಲೆ ಸೋರಿದ ಗುರುತು. "ನಿನ್ನೇನೇ ನೋಡಿದ್ದೆ ಮೇಡಂ. ಕಾಗದ ನೋಡಿ ನನ್ನ ಕಣ್ಣೇ ಸರಿ ಇಲ್ಲ ಅನ್ಕೊಂಡೆ."

3:20ಕ್ಕೆ ತಪಾಸಕನ ಹೇಳಿಕೆ ಶುರುವಾಯಿತು.

"ಯಾರಾದ್ರೂ ಕೈ ಬಿಸಿ ಮಾಡಿದ್ರಾ?"

"ಇಲ್ಲ. ಒಂದು ಟೀ ಕೂಡ ಕುಡಿದಿಲ್ಲ."

"ಮತ್ಯಾಕೆ?"

ಅವನು ಮೊದಲಿನಿಂದ ಹೇಳಿದ. ಹೋದ ವರ್ಷ ಅವನು ಓಡಿಸುತ್ತಿದ್ದ ಭಾರೀ ಕಾರೊಂದು ರೋಲರ್‌ನಿಂದ ಮುಂದಕ್ಕೆ ಜಿಗಿದಿತ್ತು. ಮುಂದೆ ನಿಂತಿದ್ದವನು ಅವನದೇ ಭಾವಮೈದುನ, ಅಲ್ಲೇ ಸಹಾಯಕ. ಎರಡೂ ಕಾಲು ಹೋದವು. ವಾರ ಕಳೆದ ಮೇಲೆ ಕೇಂದ್ರ ಇವನನ್ನು ಮತ್ತೆ ಅದೇ ಸೀಟಿಗೆ ಕರೆಯಿತು. ಆಗುತ್ತಾ ಎಂದು ಒಬ್ಬರೂ ಕೇಳಲಿಲ್ಲ.

"ಸಣ್ಣ ಗಾಡಿ ಓಡಿಸ್ತೀನಿ ಮೇಡಂ. ದೊಡ್ಡದು ಬಂದ್ರೆ ಸೀಟಲ್ಲಿ ಕೂರೋಕೇ ಆಗಲ್ಲ. ಹೆದರಿಕೆ ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಯ್ತು. ಹೇಳಿದ್ರೆ ಬೇರೆಯವರು ಮಾಡ್ತಿದ್ರು, ಅಷ್ಟೇ." ಆಮೇಲೆ ತಾನೇ ಕೇಳಿದ. "ಆ ಡ್ರೈವರ್?"

"ತನ್ನ ಕಾಲೇ ಮೋಸ ಮಾಡ್ತು ಅನ್ಕೊಂಡು ಕೂತಿದಾರೆ."

"ಮೊದಲು ಅವರಿಗೆ ತಿಳಿಸಿ. ನನ್ನ ಹೇಳಿಕೆ ಆಮೇಲೆ ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ಅಲ್ಲಿಂದಲೇ ಡ್ರೈವರ್‌ಗೆ ಫೋನ್ ಮಾಡಿದರು. ಎಲ್ಲವನ್ನೂ ಎರಡೇ ಮಾತಿನಲ್ಲಿ ಹೇಳಿದರು. ಆ ಕಡೆ ಫೋನ್ ಕೈ ಬದಲಾಯಿತು. ನಂತರ ಕೇಳಿಸಿದ್ದು ಹೆಂಡತಿಯ ಗಾಬರಿಯ ದನಿ.

"ಮೇಡಂ, ಇವರು ಅಳ್ತಿದಾರೆ. ಏನಾಯ್ತು?"

"ಏನೂ ಆಗಿಲ್ಲಮ್ಮ," ಎಂದರು ಇನ್ಸ್‌ಪೆಕ್ಟರ್. "ಅವರು ಬ್ರೇಕೇ ತುಳಿದಿದ್ರು."