ಮೇಣದ ಕಾಗದದ ತೂತುಗಳು

"ಅಪ್ಪನ್ನ ನೋಡೋರು ಬಂದು ನೋಡಿಬಿಡಿ ಅಂದ್ರು ಡಾಕ್ಟ್ರು. ನನ್ನ ಗಂಡನ್ನ ಒಳಕ್ಕೆ ಬಿಡ್ಲಾ ಬೇಡ್ವಾ, ಅದೊಂದು ಹೇಳಿ ಮೇಡಂ!"

ಕೋಲಾರದ ನಮ್ಮ ಕಚೇರಿಯ ಬಾಗಿಲಲ್ಲೇ ಕುಸಿದು ಕೂತ ಆ ಹೆಣ್ಣುಮಗಳ ಹೆಸರು ರಜನಿ, ಊರು ಯಲ್ದೂರು. ಗಂಗರತ್ನಮ್ಮನವರು ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಪತ್ತೇದಾರಿಕೆಯ ಬೋರ್ಡು ಹಾಕಿದಾಗಿನಿಂದ ನಾನು ಅವರ ಜೊತೆಗಿದ್ದೇನೆ. ಹೆಂಗಸರು ಹೀಗೆ ಅತ್ತರೆ ನನಗೆ ಮೈಯೆಲ್ಲ ಉರಿಯುತ್ತದೆ, ಅಳಿಸಿದವನ ಮೇಲೆ.

ಅಂದು ಬೆಳಗಿನ ಜಾವ ರಜನಿಯ ತಂದೆ ಮುನಿರಾಮಪ್ಪನಿಗೆ ಎದೆನೋವು ಬಂದಿತ್ತು. ಅಳಿಯ ಕದಿರೇಶ ಕಾರು ತೆಗೆದ. ಅಂಗಳದಲ್ಲಿ ಸರಿಯಾಗಿಯೇ ಸ್ಟಾರ್ಟ್ ಆದ ಕಾರು ದಿಬ್ಬ ಹತ್ತುವಾಗ ಗೊರಗೊರ ಎಂದು ನಿಂತೇಬಿಟ್ಟಿತು. ದಟ್ಟ ಮಂಜು. ಬೇರೆ ಗಾಡಿ ಸಿಗುವಷ್ಟರಲ್ಲಿ ಮುದುಕನಿಗೆ ಪ್ರಜ್ಞೆ ತಪ್ಪಿತ್ತು. ಏರ್ ಫಿಲ್ಟರಿಗೆ ಗಾಳಿ ಹೋಗುವ ಕೊಳವೆಯೊಳಗಿಂದ ಮೆಕ್ಯಾನಿಕ್ ಆಮೇಲೆ ಒಂದು ಕಾಗದ ಎಳೆದು ತೆಗೆದಿದ್ದ.

ರಜನಿ ಅದನ್ನು ಮೇಜಿನ ಮೇಲಿಟ್ಟಳು. ಚಳಿಗಾಲದಲ್ಲಿ ರೇಷ್ಮೆಯ ಮರಿಹುಳುಗಳಿಗೆ ಹೊದಿಸುವ ಮೇಣದ ಕಾಗದ. ಒದ್ದೆಯಾಗಿ ಮುದುರಿತ್ತು. ಅಂಚಿಗೆ ದಾರ ಕಟ್ಟಿತ್ತು, ನಡುವೆ ಸೂಜಿಯಲ್ಲಿ ಚುಚ್ಚಿದ ಸಾಲುಸಾಲು ತೂತುಗಳು.

"ರಾತ್ರಿ ಅಪ್ಪಂಗೂ ಇವ್ರಿಗೂ ಜಗಳ. ಮಂಜು ಬೀಳುತ್ತೆ, ಕಾರನ್ನ ಹುಳದ ಮನೇಲಿ ನಿಲ್ಲಿಸ್ತೀನಿ ಅಂದ್ರು ಇವ್ರು. ಪೆಟ್ರೋಲ್ ವಾಸನೆಗೆ ಹುಳ ಸಾಯ್ತವೆ ಅಂತ ಅಪ್ಪ ಬಿಡ್ಲಿಲ್ಲ. ಇವ್ರು ಬಾನೆಟ್ ಎತ್ತಿ ತೋರಿಸಿ, ಇಂಜಿನ್ ಕೆಟ್ರೆ ನನ್ನ ಕೇಳ್ಬೇಡಿ ಮಾವ ಅಂತ ಕೂಗಾಡಿದ್ರು."

"ಇನ್ನೇನು ಬೇಕು? ಅವನದೇ ಕೆಲಸ," ಎಂದೆ.

"ಸುಮ್ನಿರೋ ವೇಣು." ಗಂಗರತ್ನಮ್ಮ ಕಾಗದವನ್ನು ಬೆಳಕಿಗೆ ಹಿಡಿದರು. "ನಿನ್ನ ಗಂಡ ಹುಳದ ಮನೆಗೆ ಹೋಗ್ತಾನೇನಮ್ಮಾ?"

"ಅಪ್ಪ ಹೊಸ್ತಿಲೂ ದಾಟಕ್ಕೆ ಬಿಡಲ್ಲ. ನರಸಾಪುರದಲ್ಲಿ ಕಂಪನಿ ಬಸ್ ಓಡಿಸ್ತಾರೆ, ಮೈಯೆಲ್ಲ ಡೀಸೆಲ್ ವಾಸನೆ."

ಆಸ್ಪತ್ರೆಯಲ್ಲಿ ಕದಿರೇಶ ಗೋಡೆಗೆ ಒರಗಿ ಕೂತಿದ್ದ. ಮಾವನನ್ನು ಹೊತ್ತು ದಿಬ್ಬ ಹತ್ತಿದವನ ಅಂಗಿಯೆಲ್ಲ ಕೆಸರು. ರಜನಿ ಹೋಗಿ ಐಸಿಯು ಬಾಗಿಲಿಗೆ ಅಡ್ಡ ನಿಂತಳು. ಗಂಗರತ್ನಮ್ಮ ಅವಳ ತಾಯಿ ಶಾಮಲಮ್ಮನಿಗೆ ಕಾಗದ ತೋರಿಸಿದರು.

"ಈ ತೂತು ಚುಚ್ಚೋದು ಯಾರು?"

"ನಮ್ಮ ಯಜಮಾನ್ರು. ಹುಳಕ್ಕೆ ಉಸಿರು ಕಟ್ಟಬಾರ್ದು ಅಂತ. ಬೇರೆಯೋರನ್ನ ಮುಟ್ಟಕ್ಕೆ ಬಿಡಲ್ಲ."

"ರಾತ್ರಿ ಎದ್ದಿದ್ರಾ?"

"ಹುಳ ನೋಡಿ ಬರ್ತೀನಿ ಅಂತ ಹೋದೋರು ಬೋ ಹೊತ್ತು ಬರ್ಲಿಲ್ಲ. ನಡುಗ್ತಾ ಬಂದು ಮಲಗಿದ್ರು."

ಗಂಗರತ್ನಮ್ಮ ಎಲ್ಲರನ್ನೂ ಹತ್ತಿರ ಕರೆದರು.

"ಕಾರು ಕೆಡಿಸ್ಬೇಕು ಅನ್ನೋನು ಬಟ್ಟೆ ತುರುಕ್ತಾನೆ, ತೂತು ಚುಚ್ಚಿ ಕೂರಲ್ಲ. ಇದನ್ನ ಕಟ್ಟಿದೋರಿಗೆ ಒಳಗಿರೋದು ಉಸಿರಾಡ್ಬೇಕಿತ್ತು, ಚಳಿ ಮಾತ್ರ ತಾಗಬಾರ್ದಿತ್ತು. ಕದಿರೇಶನಿಗೆ ಈ ಕಾಗದ ಕೈಗೆ ಸಿಗಲ್ಲ. ಸಿಕ್ಕಿದ್ರೂ, ಇಂಜಿನ್ನಿಗೆ ಈ ಸೂಜಿ ತೂತಿನ ಗಾಳಿ ಸಾಲಲ್ಲ ಅಂತ ಡ್ರೈವರಿಗೆ ಗೊತ್ತು. ಜಗಳ ಆದ್ಮೇಲೆ ಮುನಿರಾಮಪ್ಪಂಗೆ ಮನಸ್ಸು ತಡೀಲಿಲ್ಲ. ಜಾಗ ಕೊಡ್ಲಿಲ್ಲ, ಹೊದಿಕೆನಾದ್ರೂ ಕೊಡೋಣ ಅಂತ ಎದ್ದು ಹೋಗಿ ಕೊಳವೆ ಬಾಯಿಗೆ ಇದನ್ನ ಕಟ್ಟಿದ್ರು. ಮಂಜಿನ ನೀರಿಗೆ ತೂತು ಮುಚ್ಕೊಂಡ್ವು. ದಿಬ್ಬದಲ್ಲಿ ಇಂಜಿನ್ ಜೋರಾಗಿ ಗಾಳಿ ಎಳೀತು, ಕಾಗದ ಒಳಕ್ಕೆ ಹೋಗಿ ಕಚ್ಕೊಂತು."

ಕದಿರೇಶ ಹಣೆ ಚಚ್ಚಿಕೊಂಡ. "ನಾನೇ ತೋರಿಸಿದ್ನಲ್ಲಾ ಮೇಡಂ, ಈ ಕೊಳವೆ ಬಾಯಿಂದಲೇ ತೇವ ಒಳಕ್ಕೆ ಹೋಗೋದು ಅಂತ!"

ನನಗೆ ಅವನ ಮುಖ ನೋಡಲು ನಾಚಿಕೆಯಾಯಿತು. ಅಷ್ಟರಲ್ಲಿ ನರ್ಸ್ ಹೊರಗೆ ಬಂದರು. "ಸ್ವಲ್ಪ ಎಚ್ಚರ ಆಗಿದೆ. ಕದಿರೇಶ ಅಂದ್ರೆ ಯಾರು? ಕೇಳ್ತಿದ್ದಾರೆ."

ರಜನಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಗಂಡನ ಅಂಗಿಯ ಕೆಸರನ್ನು ಸೆರಗಿನಿಂದ ಒರೆಸಿ, "ಹೋಗಿ," ಎಂದಳು.

ತೆರೆದ ಬಾಗಿಲಿನಿಂದ ಮುದುಕನ ದನಿ ನಮಗೂ ಕೇಳಿಸಿತು. "ಗಾಡಿ ಯಾಕೋ ನಿಂತ್ಕೊಂತು? ಬೆಚ್ಚಗೆ ಮುಚ್ಚಿದ್ನಲ್ಲೋ..."

ಕದಿರೇಶ ಅವನ ಎರಡೂ ಕೈ ಹಿಡಿದುಕೊಂಡ.

"ಇಲಿ ವೈರು ಕಡಿದಿತ್ತು ಮಾವ. ನೀವು ಮುಚ್ಚಿದ್ದಕ್ಕೇ ಅಷ್ಟು ದೂರ ಬಂತು."