ಅಂಜನಪ್ಪನವರ ರೇಡಿಯೋಗ್ರಾಂ

೧೯೮೪ರ ಫೆಬ್ರವರಿ ಹದಿಮೂರು, ಸೋಮವಾರ, ಬೆಳಗ್ಗೆ ಹತ್ತು ನಲವತ್ತು. ಚಿಕ್ಕನಾಯಕನಹಳ್ಳಿ ಠಾಣೆಯ ಮುಂದೆ ಜೀಪೊಂದು ಬಂದು ನಿಂತಿತು. ಇಬ್ಬರು ಆಳುಗಳು ಒಬ್ಬ ಮನುಷ್ಯನನ್ನು ರಟ್ಟೆ ಹಿಡಿದು ಕೆಳಗಿಳಿಸಿದರು. ಅವನ ಮೂಗಿನಿಂದ ಇಳಿದ ರಕ್ತ ಬನಿಯನ್ನಿನ ಮೇಲೆ ಒಣಗಿ ಕಪ್ಪಾಗಿತ್ತು. ಹಿಂದೆಯೇ ಕಂದಿಕೆರೆಯ ತೆಂಗಿನಕಾಯಿ ವ್ಯಾಪಾರಿ ಅಂಜನಪ್ಪ ಪಂಚೆಯ ಚುಂಗು ಹಿಡಿದು ಇಳಿದರು.

“ಕಳ್ಳನ್ನ ನಾವೇ ಹಿಡ್ಕಂಬಂದಿದೀವಿ ಸಾಹೇಬ್ರೆ. ನೀವು ಬಾಯಿ ಬುಡಿಸಿದ್ರೆ ಸಾಕು.”

ಸಬ್ ಇನ್ಸ್‌ಪೆಕ್ಟರ್ ಶಂಭುಲಿಂಗಯ್ಯ ರಕ್ತದ ಕಡೆ ನೋಡಿದರು. “ಇವನನ್ನ ಹೊಡೆದೋರು ಯಾರು?”

“ನಮ್ಮ ಆಳುಗಳು. ಒಂದೆರಡೇಟು.”

“ಹೆಸರೇನಪ್ಪ?”

“ಗಂಗಯ್ಯ, ಸ್ವಾಮಿ. ಇವ್ರ ಶೆಡ್ಡಲ್ಲಿ ಕಾಯಿ ಸುಲೀತೀನಿ. ನಂಗೇನೂ ಗೊತ್ತಿಲ್ಲ, ದೇವ್ರಾಣೆ.”

ಹೆಡ್ ಕಾನ್ಸ್‌ಟೇಬಲ್ ಮಾಯಣ್ಣ ಗಂಗಯ್ಯನನ್ನು ಒಳಗೆ ಕೂರಿಸಿ ನೀರು ಕೊಟ್ಟ. ಅಂಜನಪ್ಪನವರಿಗೆ ಅದೂ ಸೇರಲಿಲ್ಲ. ಮೇಜು ಗುದ್ದುತ್ತಲೇ ದೂರು ಬರೆಸಿದರು. ಭಾನುವಾರ ಬೆಳಗ್ಗೆ ಎಂಟಕ್ಕೆ ಮನೆಮಂದಿಯೆಲ್ಲ ತುರುವೇಕೆರೆಗೆ ಮದುವೆಗೆ ಹೋಗಿದ್ದರು. ಸಂಜೆ ಆರಕ್ಕೆ ಬಂದು ನೋಡಿದರೆ ಪಡಸಾಲೆಯ ರೇಡಿಯೋಗ್ರಾಂ ಬಿಚ್ಚಿ ಬಿದ್ದಿತ್ತು.

“ರೇಡಿಯೋಗ್ರಾಂ ಅಂದ್ರೆ?”

“ರೇಡಿಯೋನೂ ಅದೇ, ಹಾಡಿನ ತಟ್ಟೆ ತಿರುಗ್ಸೋದೂ ಅದೇ. ಬೀಟೆ ಮರದ ಪೆಟ್ಟಿಗೆ, ಮೂವತ್ತು ವರ್ಷದ ವಿಲಾಯತಿ ಮಾಲು. ಗೆದ್ದಲು ಹಿಡ್ದು ಮೂಲೆಗೆ ಬಿದ್ದಿತ್ತು. ಎರಡು ವರ್ಷ ಕೂತು ನಾನೇ ನನ್ನ ಕೈಯಾರೆ ಸರಿ ಮಾಡಿದ್ದು. ಈ ಜಿಲ್ಲೇಲಿ ಅಂಥದ್ದು ಇನ್ನೊಂದಿಲ್ಲ.”

“ಗಂಗಯ್ಯನ ಮೇಲೇ ಯಾಕೆ ಅನುಮಾನ?”

“ಶೆಡ್ಡಿನ ಕಡೆ ಬಾಗಿಲಿಂದ ನುಗ್ಗಿದಾರೆ. ಶೆಡ್ಡಲ್ಲಿರೋನು ಇವ್ನೇ.”

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಮನೆಗೆ ನುಗ್ಗಿ ಕಳವು.

ಹನ್ನೆರಡೂವರೆಗೆ ಕಂದಿಕೆರೆಯಲ್ಲಿ ಊರಿನ ಇಬ್ಬರನ್ನು ಪಂಚರಾಗಿ ಕರೆಸಿ ಶಂಭುಲಿಂಗಯ್ಯ ಪಂಚನಾಮೆ ಶುರು ಮಾಡಿದರು. ಮೊದಲ ಹತ್ತು ನಿಮಿಷದಲ್ಲೇ ಅವರಿಗೆ ಕಸಿವಿಸಿಯಾಯಿತು. ಬಾಗಿಲಿನ ಚಿಲಕವನ್ನು ಮೀಟಿರಲಿಲ್ಲ, ತಿರುಪು ಬಿಚ್ಚಿ ತೆಗೆದಿದ್ದರು. ಬಿಚ್ಚಿದ ತಿರುಪುಗಳೆಲ್ಲ ಒಂದು ಕಾಫಿ ಸಾಸರಿನಲ್ಲಿ ಒಟ್ಟಾಗಿದ್ದವು. ಗೂಡಿನಲ್ಲಿ ಬೆಳ್ಳಿಯ ಪಂಚಪಾತ್ರೆ ಇತ್ತು, ಮೊಳೆಯಲ್ಲಿ ಕೈಗಡಿಯಾರ ನೇತಾಡುತ್ತಿತ್ತು. ಕಳ್ಳ ಅವೆರಡನ್ನೂ ಮುಟ್ಟಿರಲಿಲ್ಲ.

ರೇಡಿಯೋಗ್ರಾಂನ ಹಿಂದಿನ ಹಲಗೆ ತೆಗೆದು ಗೋಡೆಗೆ ಒರಗಿಸಿದ್ದರು. ಮಾಯಣ್ಣನ ತಮ್ಮ ತಿಪಟೂರಿನಲ್ಲಿ ರೇಡಿಯೋ ರಿಪೇರಿ ಮಾಡುವವನು, ಆದ್ದರಿಂದ ಮಾಯಣ್ಣನಿಗೆ ಅಷ್ಟಿಷ್ಟು ತಿಳುವಳಿಕೆ ಇತ್ತು. ಅವನು ಬಗ್ಗಿ ಟಾರ್ಚು ಹಾಕಿದ.

“ಸಾರ್, ಗಾಜಿನ ವಾಲ್ವುಗಳು ಎಲ್ಲಾ ಇದಾವೆ. ಮಾರಿದ್ರೆ ಕಾಸು ಬರೋದೇ ಅವು. ಹೋಗಿರೋದು ಟ್ರಾನ್ಸ್‌ಫಾರ್ಮರು, ಸ್ಪೀಕರಿನ ಕಾಗದ, ತಟ್ಟೆ ತಿರುಗಿಸೋ ರಬ್ಬರ್ ಚಕ್ರ. ತಂತೀನ ಕತ್ತರಿಸಿಲ್ಲ ನೋಡಿ, ಕಾಯ್ಸಿ ಬೆಸುಗೆ ಬಿಡ್ಸಿದಾನೆ.”

ಮುಂಭಾಗದಲ್ಲಿ ನಾಲ್ಕು ಗುಂಡಿಗಳಿರಬೇಕಾದ ಕಡೆ ಮೂರಿದ್ದವು.

“ನಾಲ್ಕನೇದು ಎಂಥದ್ದಿತ್ತು?” ಶಂಭುಲಿಂಗಯ್ಯ ಕೇಳಿದರು.

“ಅದು ಮೊದ್ಲೇ ಕಳ್ದೋಗಿತ್ತು. ತೆಂಗಿನ ಕರಟದಲ್ಲಿ ಕೆತ್ತಿ ಹಾಕಿದ್ದು. ಯಾವುದು ಹಳೇದು ಯಾವುದು ಹೊಸದು ಅಂತ ಗೊತ್ತಾಗ್ತಿರ್ಲಿಲ್ಲ,” ಎಂದರು ಅಂಜನಪ್ಪ ಹೆಮ್ಮೆಯಿಂದ.

“ರಬ್ಬರ್ ಚಕ್ರ?”

“ಅದೂ ಹೊಸದಾಗಿ ಮಾಡಿದ್ದೇ.”

“ಟ್ರಾನ್ಸ್‌ಫಾರ್ಮರು?”

“ಸುಟ್ಟೋಗಿತ್ತು. ಒಳಗಿನ ತಂತಿ ಮತ್ತೆ ಸುತ್ತಿದ್ದು.”

“ಎಷ್ಟು ಸುತ್ತು?”

ಅಂಜನಪ್ಪ ಪಂಚೆಯ ಚುಂಗು ಕೊಡವಿದರು. “ಅದೆಲ್ಲ ಈಗ ಯಾಕೆ ಸಾಹೇಬ್ರೆ?”

ಪೆಟ್ಟಿಗೆಯ ಮುಂದೆ ಹೊಸ ಹಿತ್ತಾಳೆ ತಗಡಿನ ಮೇಲೆ ಅಂಜನಪ್ಪನವರ ಹೆಸರು ಮಿರುಗುತ್ತಿತ್ತು. ಒಳಗಡೆ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ, ಅಂಗೈಯಗಲ ಮರವನ್ನು ಉಜ್ಜುಕಾಗದ ಹಾಕಿ ತಿಕ್ಕಿದ್ದರು. ಕೆಳಗೆ ಮರದ ಪುಡಿ ಇನ್ನೂ ಹಾಗೇ ಇತ್ತು. ಶಂಭುಲಿಂಗಯ್ಯ ಎದ್ದು ನಿಂತು, “ಕೈ ಕೊಡಿ,” ಎಂದರು.

“ಏನು?”

“ಎರಡೂ ಕೈ ತೋರಿಸಿ.”

ಎರಡು ವರ್ಷ ಕಾದ ಬೆಸುಗೆ ಕಡ್ಡಿ ಹಿಡಿದ ಬೆರಳುಗಳ ಮೇಲೆ ಒಂದೇ ಒಂದು ಸುಟ್ಟ ಕಲೆ ಇರಲಿಲ್ಲ. ಎರಡು ಉಂಗುರಗಳಿದ್ದವು.

ಶಂಭುಲಿಂಗಯ್ಯನವರಿಗೆ ಪಿತ್ತ ನೆತ್ತಿಗೇರಿತು. ಕಳ್ಳ ತನ್ನ ಕೈಕೆಲಸವನ್ನಷ್ಟೇ ಬಿಚ್ಚಿಕೊಂಡು ಹೋಗಿದ್ದ. ಇದು ಯಾರ ಕೈಕೆಲಸ ಎಂದು ಮನೆಯ ಯಜಮಾನರಿಗೆ ನಿನ್ನೆ ಸಂಜೆಯೇ ತಿಳಿದಿತ್ತು. ಅವನ ಹೆಸರು ಹೇಳಿದರೆ ತಮ್ಮ ಸುಳ್ಳು ಬಯಲಾಗುತ್ತದೆಂದು, ಕಾಯಿ ಸುಲಿಯುವವನ ಮೂಗು ಒಡೆಸಿ ತಂದಿದ್ದರು.

“ಇದನ್ನ ರಿಪೇರಿ ಮಾಡಿದ್ದು ಯಾರು?”

“ಹೇಳಿದ್ನಲ್ಲ, ನಾನೇ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಹಾಲಮ್ಮ ಸೆರಗು ಬಿಗಿದುಕೊಂಡು ಮುಂದೆ ಬಂದರು.

“ಸಾಕು ಮಾಡಿ. ಆ ಗಂಗಯ್ಯನ್ ಮಕ್ಳು ಬೆಳಗ್ಗಿಂದ ಹಿತ್ಲಲ್ಲಿ ಅಳ್ತಾ ಕೂತವೆ. ಮಾಡಿದ್ದು ದುರ್ಗಯ್ಯ ಕಣ್ರೀ ಸಾಹೇಬ್ರೆ. ಈ ಊರೋನೇ, ಮಾಯಸಂದ್ರದಲ್ಲಿ ರೇಡಿಯೋ ಅಂಗ್ಡಿ ಮಡಗವ್ನೆ. ಎರಡು ವರ್ಷ ಪ್ರತಿ ಭಾನುವಾರ ಬಸ್ಸು ಹತ್ಕಂಡು ಬರೋನು.”

“ಲೇ, ಒಳಗೆ ಹೋಗೇ!”

“ಇವತ್ತು ಹೋಗಕಿಲ್ಲ.” ಹಾಲಮ್ಮ ಗಂಡನ ಕಡೆ ತಿರುಗಲೂ ಇಲ್ಲ. “ಪೆಟ್ಟಿಗೇನ ಶೆಡ್ಡಿಗೆ ಹೊರ್ಸಿ ಕೆಲ್ಸ ಮಾಡಿಸ್ತಿದ್ರು. ಅವ್ನು ಪಡಸಾಲೆಗೆ ಬರಂಗಿಲ್ವಲ್ಲ. ಹೋದ ತಿಂಗ್ಳು ತುಮಕೂರಿಂದ ಇವ್ರ ಸ್ನೇಹಿತ್ರು ಹಾಡು ಕೇಳಾಕೆ ಬಂದಿದ್ರು. ಎಲ್ಲಾ ನನ್ ಕೈಕೆಲ್ಸ ಅಂದ್ರು ಇವ್ರು. ಅವ್ರಲ್ಲೊಬ್ರು ಏನೋ ಸುತ್ತಿನ ಲೆಕ್ಕ ಕೇಳಿದ್ರು, ಇವ್ರಿಗೆ ಗೊತ್ತಾಗ್ನಿಲ್ಲ. ಅಂಗಳದಲ್ಲಿ ನಿಂತಿದ್ದ ದುರ್ಗಯ್ಯ ಕಿಟಕಿಯಿಂದ ಹೇಳ್ಬುಟ್ಟ. ಅವ್ನು ಮೂಟೆ ಹೊರೋಕೆ ಬಂದಿರೋ ಆಳು ಅಂತ ಇವ್ರು ನಗಾಡಿದ್ರು. ಎಲ್ರೂ ನಕ್ರು. ಅವತ್ತಿಂದ ಅವ್ನು ಬಂದಿಲ್ಲ.”

ಶಂಭುಲಿಂಗಯ್ಯ ಅದನ್ನು ಅಕ್ಷರಶಃ ಬರೆಸಿಕೊಂಡರು.

ತುರುವೇಕೆರೆ ಠಾಣೆಗೆ ತಿಳಿಸಿ ಮಾಯಸಂದ್ರ ಸೇರುವ ಹೊತ್ತಿಗೆ ಸಂಜೆ ನಾಲ್ಕೂಕಾಲು. ಬಸ್ ನಿಲ್ದಾಣದ ಹಿಂದಿನ ಸಣ್ಣ ಅಂಗಡಿಯಲ್ಲಿ ದುರ್ಗಯ್ಯ ಒಂದು ಟ್ರಾನ್ಸಿಸ್ಟರ್ ಬಿಚ್ಚಿಕೊಂಡು ಕೂತಿದ್ದ. ನಲವತ್ತರ ಆಸುಪಾಸು, ಬೆರಳ ತುದಿಗಳೆಲ್ಲ ಸುಟ್ಟು ಗಟ್ಟಿಯಾಗಿದ್ದವು. ಪೊಲೀಸರನ್ನು ಕಂಡು ಬೆಸುಗೆ ಕಡ್ಡಿಯ ಪ್ಲಗ್ಗು ಕಿತ್ತ. ಬೆಂಚಿನ ಕೆಳಗಿನಿಂದ ಬಟ್ಟೆಗಂಟೊಂದನ್ನು ತೆಗೆದು ತಾನೇ ಮುಂದಿಟ್ಟ. ನಾಲ್ಕೂ ವಸ್ತುಗಳು ಅದರಲ್ಲಿದ್ದವು.

“ಕದ್ದದ್ದು ಒಪ್ಕೊಂಡಂಗಾಯ್ತಲ್ಲ?”

“ಇವು ನಾನು ಮಾಡಿದ್ದು ಸ್ವಾಮಿ. ನೀವು ಕಳವು ಅಂದ್ರೆ ಕಳವು.”

“ಬಾಗಿಲು ಬಿಚ್ಚಿ ಒಳಗೆ ಹೋಗಿದ್ದೀಯ.”

“ಹೋಗಿದ್ದೆ. ಕೇಳಾನ ಅಂತ.”

“ಏನನ್ನ?”

“ಹಾಡು. ಎರಡು ವರ್ಷ ಅದ್ರ ಬೆನ್ನಿಗೇ ಕೂತಿದ್ದೋನು ನಾನು. ಪಡಸಾಲೇಲಿ ಮುಂದೆ ಕೂತ್ರೆ ಹೆಂಗೆ ಕೇಳತ್ತೆ ಅಂತ ಒಂದು ಕಿತ ನೋಡ್ಬೇಕಿತ್ತು. ಎಲ್ಲಾ ಮದುವೆಗೆ ಹೋಯ್ತಾರೆ ಅಂತ ಗೊತ್ತಿತ್ತು. ಕೇಳಿ, ಬಾಗ್ಲು ಮುಂಚಿನಂಗೇ ತಿರುಪು ಹಾಕಿ ಬಂದ್ಬುಡಾನ ಅಂತಿದ್ದೆ.”

“ಮತ್ತೆ ಬಿಚ್ಚಿದ್ದು?”

“ಹಾಡಿನ ಹಿಂದೆ ಗುಂಯ್ ಅಂತ ಬತ್ತಿತ್ತು. ಎಲ್ಲೋ ಬೆಸುಗೆ ಬುಟ್ಟದೆ, ಸರಿ ಮಾಡಾನ ಅಂತ ಹಿಂದಿನ ಹಲಗೆ ತೆಗ್ದೆ.” ದುರ್ಗಯ್ಯ ಬಿಚ್ಚಿದ ಟ್ರಾನ್ಸಿಸ್ಟರನ್ನು ಪಕ್ಕಕ್ಕೆ ಸರಿಸಿದ. “ಒಳಗೆ ಮೂಲೇಲಿ ಪೆನ್ಸಿಲ್ಲಲ್ಲಿ ನನ್ನೆಸ್ರು ಬರ್ದಿದ್ದೆ. ಹೊರಗೆ ಬರೀನಿಲ್ಲ ಸ್ವಾಮಿ, ಒಳಗೆ. ಅದ್ನೂ ಉಜ್ಜಿ ತೆಗ್ದಿದ್ರು. ಮೂಟೆ ಆಳು ಅಂದಾಗ ಸುಮ್ಗಿದ್ದೆ. ಅದ್ನ ನೋಡಿದ್ಮೇಲೆ ಮೈಯೆಲ್ಲ ಉರಿ ಹತ್ಕಂತು. ಅವ್ರದ್ದು ಅವ್ರಿಗಿರ್ಲಿ, ನಂದು ನಾನು ತಗಂಡೋಯ್ತೀನಿ ಅಂತ ಬಿಚ್ಚಿದೆ.”

“ನಿನ್ನ ಈ ಉರಿಗೆ ಗಂಗಯ್ಯನ ಮೂಗು ಒಡೆದಿದೆ, ಗೊತ್ತಾ?”

ದುರ್ಗಯ್ಯನಿಗೆ ಗೊತ್ತಿರಲಿಲ್ಲ. “ನಡೀರಿ ಸ್ವಾಮಿ,” ಎಂದು ಎದ್ದವನೇ ಅಂಗಡಿಯ ಬಾಗಿಲು ಹಾಕಲೂ ಮರೆತ. ಮಾಯಣ್ಣ ಬಾಗಿಲು ಎಳೆದು ಬೀಗ ಹಾಕಿದ. ನಾಲ್ಕು ಐವತ್ತಕ್ಕೆ ದಸ್ತಗಿರಿ.

ಠಾಣೆಯಲ್ಲಿ ಗಂಗಯ್ಯ ಇನ್ನೂ ಬೆಂಚಿನ ಮೇಲಿದ್ದ. ಮಾಯಣ್ಣನಿಂದ ನಡೆದದ್ದನ್ನು ಕೇಳಿದೊಡನೆ ಎದ್ದು ದುರ್ಗಯ್ಯನ ಅಂಗಿಯ ಕೊರಳುಪಟ್ಟಿ ಹಿಡಿದ.

“ಥೂ ನಿನ್ನ! ಹಾಡು ಕೇಳಾಕೆ ಹೋಗಿದ್ನಂತೆ ಹಾಡು! ಏಟು ತಿಂದೋನು ನಾನು ಕಣ್ಲಾ!”

“ತಪ್ಪಾಯ್ತು ಕಣಣ್ಣ. ನಿನ್ನ ಹಿಡೀತಾರೆ ಅಂತ ಕನಸಲ್ಲೂ ಎಣಿಸ್ನಿಲ್ಲ.”

ಮಾಯಣ್ಣ ಇಬ್ಬರನ್ನೂ ಬಿಡಿಸಿದ. ಅಷ್ಟರಲ್ಲಿ ಅಂಜನಪ್ಪನವರು ಬಂದರು. ಈಗ ದನಿ ತಗ್ಗಿತ್ತು.

“ಸಾಹೇಬ್ರೆ, ಸಿಕ್ಕಿದ್ದು ಒಳ್ಳೇದಾಯ್ತು. ಒಂದು ಉಪಕಾರ ಮಾಡಿ. ಜೈಲಿಗೆ ಕಳ್ಸೋಕೆ ಮುಂಚೆ ಇವನ ಕೈಲೇ ಎಲ್ಲಾ ವಾಪಸ್ ಜೋಡಿಸ್ಬುಡಿ. ಬರೋ ಭಾನುವಾರ ಬೆಂಗಳೂರಿಂದ ಜನ ಕೇಳಾಕೆ ಬತ್ತಾವ್ರೆ.”

ಶಂಭುಲಿಂಗಯ್ಯ ಬಟ್ಟೆಗಂಟಿಗೆ ಅರಗು ಹಾಕುತ್ತಿದ್ದರು. ತಲೆಯೆತ್ತದೆ ಹೇಳಿದರು: “ಇದು ಜಪ್ತಿ ಮಾಲು. ಕೋರ್ಟು ಕೊಟ್ಟಾಗ ತಗೊಂಡು ಹೋಗಿ ಜೋಡಿಸ್ಕೊಳ್ಳಿ. ನಿಮ್ಮ ಕೈಯಾರೆ ಮಾಡಿದ್ದು ಅಂತ ದೂರಿನಲ್ಲೇ ಇದೆಯಲ್ಲ.” ಆಮೇಲೆ ಗಂಗಯ್ಯನ ಕಡೆ ತಿರುಗಿದರು. “ನಿನ್ನನ್ನ ಹೊಡೆದೋರ ಮೇಲೆ ದೂರು ಕೊಡ್ತೀಯೇನಪ್ಪ?”

ಗಂಗಯ್ಯ ಅಂಜನಪ್ಪನವರನ್ನು ನೋಡಿದ. “ನಾಳೆ ಅವ್ರ ಶೆಡ್ಡಿಗೇ ಹೋಗ್ಬೇಕಲ್ಲ ಸ್ವಾಮಿ.”

“ಹೂಂ, ಅದನ್ನ ನೆನೆಸ್ಕೋ,” ಎಂದರು ಅಂಜನಪ್ಪ.

ಆ ಒಂದು ಮಾತು ಹೆಚ್ಚಾಯಿತು. ಗಂಗಯ್ಯ ಮೂಗನ್ನು ಬನಿಯನ್ನಿಂದ ಒರೆಸಿಕೊಂಡು ಮೇಜಿನ ಹತ್ತಿರ ಬಂದ. “ಬರ್ಕಳಿ ಸ್ವಾಮಿ. ಹೊಡ್ದೋರ ಹೆಸ್ರು ಎರಡು. ಹೊಡ್ಸಿದೋರ್ದು ಒಂದು.”

ಮಾಯಣ್ಣ ಹೊಸ ಹಾಳೆ ತೆಗೆದ.

ಮರುದಿನ ಬೆಳಗ್ಗೆ ಹತ್ತಕ್ಕೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಹೊರಟಾಗ ಶಂಭುಲಿಂಗಯ್ಯ ಕೇಸ್ ಡೈರಿಯಲ್ಲಿ ಕೊನೆಯ ಸಾಲುಗಳನ್ನು ಬರೆದರು. ಕಾನೂನಿನ ಪ್ರಕಾರ ಅವನ್ನು ಬರೆಯಬೇಕಾಗಿರಲಿಲ್ಲ. ದುರ್ಗಯ್ಯ ಮನೆಯೊಳಗೆ ಒಟ್ಟು ಇದ್ದದ್ದು ಎರಡು ಗಂಟೆ. ಅದರಲ್ಲಿ ಪಡಸಾಲೆಯ ನೆಲದ ಮೇಲೆ ಕಾಲು ಮಡಚಿ ಕೂತು ಶಹನಾಯಿ ತಟ್ಟೆಯ ಒಂದು ಮಗ್ಗುಲು ಕೇಳಿದ್ದ, ಮೂರು ನಿಮಿಷಕ್ಕಿಂತ ತುಸು ಹೆಚ್ಚು. ಚೆನ್ನಾಗಿತ್ತು ಎಂದು ಅವನೇ ಹೇಳಿದ್ದ.