ಭೈರೇಶಣ್ಣನ ಹಾಜರಿ

ಹೊಸೂರಿನ ನಮ್ಮ ಕಾರ್ಖಾನೆಯ ಹಾಜರಿ ಪಟ್ಟಿಯ ನಕಲು ಮೂರು ಸರ್ವರ್‌ಗಳಲ್ಲಿದೆ: ಇಲ್ಲೊಂದು, ಕೆಲಮಂಗಲದಲ್ಲೊಂದು, ಕೃಷ್ಣಗಿರಿಯಲ್ಲೊಂದು. ಲೇತ್ ಯಂತ್ರ ನಡೆಸುತ್ತಿದ್ದ ಭೈರೇಶಣ್ಣ ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ನಾನೇ ಅಳಿಸಿದೆ. ಮರುದಿನ ಅದು ಪಟ್ಟಿಯಲ್ಲಿತ್ತು. ನಾಲ್ಕು ಸಲ ಅಳಿಸಿದೆ, ನಾಲ್ಕು ಸಲವೂ ಬಂತು.

ಇದರಲ್ಲಿ ದೆವ್ವವೇನೂ ಇಲ್ಲ. ಅಳಿಸುವಾಗ ಒಂದು ಸರ್ವರ್ ಆಫ್ ಆಗಿದ್ದರೆ, ಅದು ಮತ್ತೆ ಆನ್ ಆದಾಗ ತನ್ನಲ್ಲಿರುವ ಹಳೆಯ ಹೆಸರನ್ನು ಉಳಿದೆರಡಕ್ಕೂ ಹಂಚುತ್ತದೆ. ತಪ್ಪು ಪದೇ ಪದೇ ಆಫ್ ಆಗುವ ಕೆಲಮಂಗಲದ ಸರ್ವರಿನದೇ ಎಂದು ನಿನ್ನೆ ಸಿಟ್ಟಿನಲ್ಲಿ ಬೈಕ್ ಹತ್ತಿ ಹೋಗಿ, ವೈರು ಕಿತ್ತು, ಆ ಪೆಟ್ಟಿಗೆಯನ್ನೇ ಹೊತ್ತು ತಂದೆ. ಉಳಿದೆರಡರಲ್ಲೂ ಹೆಸರು ಅಳಿಸಿದೆ.

ಇವತ್ತು ಒಂಬತ್ತಕ್ಕೆ ಗೇಟಿನಲ್ಲಿ ಸೆಕ್ಯೂರಿಟಿ ಮುನೀಶ್ ತಡೆದ. "ಸಾರ್, ಹಾಜ್ರಿ ಹಾಕೋ ಹೆಬ್ಬೆಟ್ ಮಿಷಿನ್ ಗಾಜು ಒರ್ಸಿ ಒರ್ಸಿ ಸಾಕಾಯ್ತು. ದಿನಾ ಬೆಳಿಗ್ಗೆ ಲೇತ್ ಎಣ್ಣೆ ಮೆತ್ಕಂಡಿರ್ತದೆ."

"ಭೈರೇಶಣ್ಣ ಹೋದಾಗಿಂದ ಲೇತ್ ಓಡೇ ಇಲ್ವಲ್ಲಯ್ಯಾ!" ಎಂದು ರೇಗಿದೆ.

ಒಳಗೆ ಹೋಗಿ ಪಟ್ಟಿ ತೆರೆದರೆ ಹೆಸರು ಮತ್ತೆ ಇದೆ. ಹಳೆಯ ನಕಲು ಹಳೆಯದನ್ನಷ್ಟೇ ತರಬಲ್ಲದು. ಆದರೆ ಹೆಸರಿನ ಮುಂದೆ ಇರುವುದು ಇವತ್ತಿನ ತಾರೀಖು. ಒಳಗೆ ಬಂದ ಸಮಯ, ಬೆಳಿಗ್ಗೆ ಆರು ಗಂಟೆ ಎರಡು ನಿಮಿಷ.

ಹೊರಗೆ ಹೋದ ಸಮಯ ಇನ್ನೂ ಬಿದ್ದಿಲ್ಲ.